ಬೋರ್ಡು ಕನ್ನಡವಾಯಿತು, ಒಳಗೆ ಅಳುವ ಕಂದನ ಗತಿಯೇನು?



ಯಶವಂತಪುರದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ಮದುವೆ ಕರೆಯೋಲೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವರು ನಾವು. ಬೇಸಿಗೆ ಬಂತೆಂದರೆ ಪ್ಲೇ ಸ್ಕೂಲು, ಡೇ ಕೇರ್‌ಗಳ ಕರಪತ್ರದ ಸುಗ್ಗಿ. ಯಲಹಂಕ ಉಪನಗರ, ಸಹಕಾರನಗರ, ಹೆಬ್ಬಾಳ, ಆರ್.ಟಿ. ನಗರ, ಎಲ್ಲ ಕಡೆಯಿಂದಲೂ ಆರ್ಡರು. ಪ್ರೂಫ್ ನೋಡಿ ನೋಡಿ ಬಾಯಿಪಾಠವಾಗಿಬಿಟ್ಟಿದೆ. ಎ.ಸಿ. ಕೋಣೆ, ಸಿ.ಸಿ. ಕ್ಯಾಮೆರಾ, ಕೊನೆಗೆ ದಪ್ಪಕ್ಷರದಲ್ಲಿ 'ಸಂಪೂರ್ಣ ಇಂಗ್ಲಿಷ್ ವಾತಾವರಣ'! ಎಷ್ಟು ಮಕ್ಕಳಿಗೆ ಎಷ್ಟು ಆಯಾಗಳಿದ್ದಾರೆ ಎಂದು ಅಚ್ಚು ಹಾಕಿಸಿದ ಒಬ್ಬ ಪುಣ್ಯಾತ್ಮನನ್ನೂ ಈ ಕಣ್ಣು ಕಂಡಿಲ್ಲ.

ನಮ್ಮ ತಮ್ಮನ ಮಗಳ ಕಥೆ ಕೇಳಿ. ಎರಡೂವರೆ ವರ್ಷದ ಕೂಸು. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಇಂಥದ್ದೇ ಒಂದು ಕರಪತ್ರ ನಂಬಿ ಸೇರಿಸಿದರು. ಕೆಲವು ದಿನ ಕಳೆದ ಮೇಲೆ ತಾಯಿ ಗಮನಿಸಿದಳು: ಬೆಳಿಗ್ಗೆ ತುಂಬಿಸಿ ಕಳಿಸಿದ ನೀರಿನ ಬಾಟಲಿ ಸಂಜೆ ತುಂಬಿಕೊಂಡೇ ವಾಪಸ್ಸು ಬರುತ್ತಿದೆ. ಯಾಕಮ್ಮಾ ನೀರು ಕುಡಿಯಲಿಲ್ಲ ಎಂದರೆ ಮಗು ಬಾಯಿ ಬಿಡದು. ಕೊನೆಗೆ ಅಲ್ಲಿನ ಆಯಾನೇ ಗುಟ್ಟಾಗಿ ಹೇಳಿದಳು. ಉಚ್ಚೆ ಬಂತು ಎಂದು ಕನ್ನಡದಲ್ಲಿ ಹೇಳಿದರೆ ಮೇಡಂ ಕಣ್ಣು ಬಿಡುತ್ತಾರೆ, ಇಂಗ್ಲಿಷಿನಲ್ಲಿ ಕೇಳಬೇಕು. ಮಗುವಿಗೆ ಆ ಮಾತು ನೆನಪಾಗುವುದಿಲ್ಲ. ನೀರು ಕುಡಿದರೆ ತಾನೇ ಕೇಳುವ ಪಾಡು? ಕುಡಿಯುವುದನ್ನೇ ಬಿಟ್ಟಿತು! ಆಯಾ ಚಿಕ್ಕಬಳ್ಳಾಪುರ ಕಡೆಯ ಹೆಣ್ಣುಮಗಳು. ಮಗುವಿನ ಮಾತು ಅವಳಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಆದರೆ ಮಕ್ಕಳ ಹತ್ತಿರ ಕನ್ನಡ ಆಡಕೂಡದೆಂದು ಅವಳಿಗೂ ಅಪ್ಪಣೆಯಾಗಿತ್ತು. ಕನ್ನಡ ನಾಡಿನಲ್ಲಿ ಕನ್ನಡದ ಹೆಂಗಸು, ಕನ್ನಡದ ಕೂಸಿನ ಮುಂದೆ ಮೂಗಿಯಾಗಿ ನಿಂತಿದ್ದಳು. ಇದಕ್ಕೆ ಏನೆನ್ನೋಣ?

ಗೆಳೆಯರೇ, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು 2023ರ ಡಿಸೆಂಬರಿನಲ್ಲಿ ಬೀದಿಗಿಳಿದವರು ನೀವು. 2024ರಲ್ಲಿ ಕಾನೂನೂ ಬಂತು. ಬೋರ್ಡಿನ ಮೇಲರ್ಧ ಕನ್ನಡವಾಯಿತು. ಬೋರ್ಡಿನ ಕೆಳಗಿನ ಬಾಗಿಲು ದಾಟಿ ಒಳಗೆ ಹೋಗಿ ನೋಡಿದ್ದೀರಾ? ನಿಮ್ಮಲ್ಲಿ ಅನೇಕರು ಈಗ ಅಪ್ಪಂದಿರಾಗಿದ್ದೀರಿ, ಅಮ್ಮಂದಿರಾಗಿದ್ದೀರಿ. ಸಂಜೆ ಹಳದಿ ಕೆಂಪು ಶಾಲು ಹೊದ್ದು ಘೋಷಣೆ ಕೂಗುವ ನಾವೇ ಬೆಳಿಗ್ಗೆ ಮಗುವನ್ನು ಎಲ್ಲಿ ಬಿಟ್ಟು ಬರುತ್ತಿದ್ದೇವೆ? ಎದೆ ಮುಟ್ಟಿಕೊಂಡು ಹೇಳಿ.

ಕಾನೂನು ಕಾಪಾಡೀತು ಎಂದು ಕೂತರೆ ಕೆಟ್ಟೆವು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಶುರುವಾಗುವುದೇ ಒಂದನೇ ತರಗತಿಯಿಂದ. ಅದಕ್ಕೆ ಮುಂಚಿನ ಮೂರು ನಾಲ್ಕು ವರ್ಷ, ಮಗುವಿಗೆ ಮಾತು ಬಲಿಯುವ ಕಾಲ, ಕೇಳುವವರಿಲ್ಲದ ಬಯಲು. ಇನ್ನು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಯಾರಿಗೆ ಮರೆತೀತು? ಪ್ರಾಥಮಿಕ ಹಂತದ ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಂದೆತಾಯಿಯದು ಎಂದಿತು ಕೋರ್ಟು. ಅಂದು ಎದೆ ಬಡಿದುಕೊಂಡೆವು. ಇಂದು ಅದೇ ಮಾತನ್ನು ತಿರುಗಿಸಿ ಹಿಡಿಯೋಣ. ಆಯ್ಕೆ ನಮ್ಮದೇ ತಾನೇ? ಹಾಗಾದರೆ ಆರಿಸೋಣ, ಕಣ್ಣು ಬಿಟ್ಟು ಆರಿಸೋಣ!

ಹೇಗೆ ಆರಿಸುವುದು?

ಮೊದಲನೆಯದು, ಹೇಳದೆ ಕೇಳದೆ ಹೋಗಿ. ಅಡ್ಮಿಷನ್ ದಿನ ಎಲ್ಲರೂ ನಗುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ನಿಲ್ಲಿ. ಗೇಟಿನಲ್ಲೇ ತಡೆದು, ಒಳಗೆ ಬಿಡುವುದಿಲ್ಲ ಎಂದರೆ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಬನ್ನಿ.

ಎರಡನೆಯದು, ತಲೆ ಎಣಿಸಿ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಶಿಶುಪಾಲನಾ ಕೇಂದ್ರಗಳ ಮಾರ್ಗಸೂಚಿ ಪ್ರಕಾರ 3 ವರ್ಷದೊಳಗಿನ 10 ಮಕ್ಕಳಿಗೆ, 3 ದಾಟಿದ 20 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೊಬ್ಬ ಸಹಾಯಕಿ ಇರಬೇಕು. ಅಲ್ಲಿ ಇದ್ದಾರೆಯೇ?

ಮೂರನೆಯದು, ಬಣ್ಣದ ಗೋಡೆ ನೋಡಿ ಮರುಳಾಗಬೇಡಿ. ನಮ್ಮ ಕಡೆ ಮೂವತ್ತು ನಲವತ್ತು ಸೈಟಿನ ಬಾಡಿಗೆ ಮನೆಗೇ ಕಾರ್ಟೂನು ಬಳಿದು ಪ್ಲೇ ಸ್ಕೂಲು ಮಾಡುತ್ತಾರೆ. ಸಂಪಿನ ಮುಚ್ಚಳ ಭದ್ರವಾಗಿದೆಯೇ? ಮೆಟ್ಟಿಲಿಗೆ ಅಡ್ಡ ಬಾಗಿಲಿದೆಯೇ? ಗ್ಯಾಸ್ ಸಿಲಿಂಡರ್ ಎಲ್ಲಿದೆ? ಕಕ್ಕಸಿಗೆ ಕೂತ ಮಗುವಿನ ಪಕ್ಕ ಯಾರು ನಿಲ್ಲುತ್ತಾರೆ? ಸಂಜೆ ಕರೆದೊಯ್ಯಲು ಬಂದವರ ಗುರುತು ಕೇಳುತ್ತಾರೋ ಇಲ್ಲವೋ?

ನಾಲ್ಕನೆಯದು, ಪ್ರಿನ್ಸಿಪಾಲರನ್ನು ಬಿಟ್ಟು ಆಯಾಳನ್ನು ಮಾತಾಡಿಸಿ. ಎಷ್ಟು ದಿನದಿಂದ ಇದ್ದೀಯಮ್ಮಾ, ಸಂಬಳ ಸರಿಯಾಗಿ ಕೊಡುತ್ತಾರಾ ಎಂದು ಕೇಳಿ. ತಿಂಗಳಿಗೊಬ್ಬ ಆಯಾ ಬದಲಾಗುವ ಕಡೆ ಮಗು ಯಾರ ಮಡಿಲು ನಂಬಬೇಕು?

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಅಳುವ ಮಗುವನ್ನು ಯಾವ ಮಾತಿನಲ್ಲಿ ಎತ್ತಿಕೊಳ್ಳುತ್ತಾರೆ, ಕಿವಿಗೊಟ್ಟು ಕೇಳಿ. ಆಯಾ ಬಿಹಾರದವಳಾಗಲಿ, ಒಡಿಶಾದವಳಾಗಲಿ, ನಮಗೆ ದ್ವೇಷವಿಲ್ಲ. ಹೊಟ್ಟೆಪಾಡಿಗೆ ಬಂದವಳು ಅವಳೂ ತಾಯಿಯೇ. ಆದರೆ ಮಮ್ಮು, ತಾಚಿ, ಉಚ್ಚೆ, ನೋವು, ಹೊಡೆದರು, ಈ ಐದಾರು ಮಾತಾದರೂ ಅವಳಿಗೆ ತಿಳಿಯಬೇಕು. ತಿಳಿದವಳ ಬಾಯಿ ಕಟ್ಟಿರಬಾರದು. ಇದು ಬರೀ ಅಭಿಮಾನದ ಮಾತಲ್ಲ, ಮಗುವಿನ ರಕ್ಷಣೆಯ ಮಾತು. ನನಗೆ ನೋವಾಯಿತು ಎಂದು ಹೇಳಲು ಭಾಷೆಯೇ ಇಲ್ಲದ ಜಾಗದಲ್ಲಿ ನೂರು ಕ್ಯಾಮೆರಾ ಇದ್ದೂ ಏನು ಫಲ?

ಇಂಗ್ಲಿಷ್ ಬೇಡವೇ ಎನ್ನುತ್ತೀರಾ? ಬೇಕು ಸ್ವಾಮಿ, ಬೇಡ ಎಂದವರಾರು? ಮನೆಮಾತು ಗಟ್ಟಿಯಾದ ಮಗು ಇಂಗ್ಲಿಷನ್ನೂ ಸಲೀಸಾಗಿ ಕಲಿಯುತ್ತದೆ. ಮಗುವಿಗೆ ಕಲಿಸಲು ತಾಯ್ನುಡಿಯೇ ಉತ್ತಮ ಎಂದು ಯುನೆಸ್ಕೋ 1953ರಲ್ಲೇ ಸಾರಿದೆ. ಅದೇನು ನಮ್ಮ ಸಂಘಟನೆಯ ಶಾಖೆಯಲ್ಲ!

ಫೀಜು ಕಟ್ಟುವ ಶಕ್ತಿ ಇಲ್ಲದವರಿಗೆ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಯೋಜನೆಯಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಅಲ್ಲಿನ ಕಾರ್ಯಕರ್ತೆ ಮಗುವಿನ ಮಾತಿನಲ್ಲೇ ಮಾತಾಡುತ್ತಾಳೆ. ಆದರೆ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಸಂಜೆಯವರೆಗೆ ದುಡಿಯುವ ತಾಯಿಗೆ, ಅದಕ್ಕೆ ಮುಂಚೆಯೇ ಬಾಗಿಲು ಹಾಕುವ ಅಂಗನವಾಡಿ ಸಾಲದು. ಅಂಥವರು ಇನ್ನೊಂದು ಹಕ್ಕು ತಿಳಿದಿರಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ವ್ಯವಸ್ಥೆ ಮಾಡಲೇಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಬಿಡಬೇಕು. 2017ರಲ್ಲಿ ಬಂದ ಈ ನಿಯಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಮಾನ್ಯತಾ ಟೆಕ್ ಪಾರ್ಕಿಗೂ ಅದೇ ಕಾನೂನು, ಪೀಣ್ಯಕ್ಕೂ ಅದೇ. ನಿಮ್ಮ ಕಂಪನಿಯಲ್ಲಿ ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಹತ್ತು ಜನ ಸೇರಿ ಕೇಳಿ. ಆ ಕೇಂದ್ರದಲ್ಲಿ ಕನ್ನಡ ಬಲ್ಲ ಆಯಾ ಇರಲಿ ಎಂದೂ ಕೇಳಿ.

ನಮ್ಮ ಕೂಸನ್ನು ಆ ಕೇಂದ್ರದಿಂದ ಬಿಡಿಸಿದೆವು. ಈಗ ಹೋಗುವ ಜಾಗದಲ್ಲಿ ಎ.ಸಿ. ಇಲ್ಲ, ಫ್ಯಾನು ಇದೆ. ಆಯಾ ಮಡಿಲಿಗೆ ಹಾಕಿಕೊಂಡು ಕನ್ನಡದಲ್ಲೇ ಕಥೆ ಹೇಳುತ್ತಾಳೆ. ಸಂಜೆ ಬಾಟಲಿ ಖಾಲಿಯಾಗಿ ಬರುತ್ತದೆ. ನಮಗೆ ಅಷ್ಟು ಸಾಕು.

2018ರಲ್ಲಿ ಹೆಬ್ಬಾಳದಲ್ಲಿ ಪತ್ತೆಯಾದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಹನ್ನೆರಡು ಶತಮಾನ ದಾಟಿದ ಕನ್ನಡ ಅದು. ಹೆಬ್ಬಾಳದ ಕಲ್ಲಿನ ಮೇಲೆ ಕನ್ನಡ ಉಳಿದು, ಹೆಬ್ಬಾಳದ ಕೂಸಿನ ನಾಲಿಗೆಯ ಮೇಲೆ ಅಳಿದರೆ ನಮ್ಮ ಹೋರಾಟಕ್ಕೆ ಅರ್ಥವೇನು?

ನಾಳೆ ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಗೇಟಿನಿಂದಲೇ ತಿರುಗಬೇಡಿ. ಒಳಗೆ ಹೋಗಿ. ಕೇಳಿ. ಕನ್ನಡದಲ್ಲೇ ಕೇಳಿ!

ಸಿರಿಗನ್ನಡಂ ಗೆಲ್ಗೆ!