ಆಟದ ಪರದೆಯೂ ಪಾಠದ ಪರದೆಯೂ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಹೊಸ ಮಾನಿಟರುಗಳನ್ನು ಕೊಳ್ಳಬೇಕೆಂಬ ಮಾತು ಈ ವರ್ಷ ಎದ್ದಿದೆ. ಹಣದ ಹೊರೆಯನ್ನು ಹೊರಲು ಹಳೆಯ ವಿದ್ಯಾರ್ಥಿಗಳು ಕೆಲವರು ಮುಂದೆ ಬಂದಿದ್ದಾರೆ. ಅವರ ಔದಾರ್ಯಕ್ಕೆ ನಾವು ಕೃತಜ್ಞರು. ಆದರೆ ಎಂಥ ಮಾನಿಟರನ್ನು ಕೊಳ್ಳಬೇಕೆಂಬಲ್ಲಿ ಎರಡು ಪಕ್ಷಗಳಾಗಿವೆ. (ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆದಿಡುವ ಮಾನಿಟರನ ಮಾತು ಇದಲ್ಲವೆಂದು ಕಿರಿಯ ವಾಚಕರಿಗೆ ಮೊದಲೇ ತಿಳಿಸಿಬಿಡುತ್ತೇವೆ.) ಒಂದು ಪಕ್ಷದವರಿಗೆ, ಆಟಕ್ಕೆಂದೇ ತಯಾರಾದ, ಸೆಕೆಂಡಿಗೆ 144 ಸಲ ಚಿತ್ರವನ್ನು ಹೊಸದಾಗಿ ಮೂಡಿಸುವ ವೇಗದ ಪರದೆ ಬೇಕು, ಮಕ್ಕಳ ಒಲವೂ ಅತ್ತಲೇ. ಇನ್ನೊಂದು ಪಕ್ಷದ ಹಿರಿಯರು 'ಆಟ'ವೆಂಬ ಶಬ್ದ ಕಿವಿಗೆ ಬಿದ್ದೊಡನೆ ಶಾಲೆಯೇ ಕೆಟ್ಟಿತೆಂದು ಬಗೆದು, ಎಲ್ಲಕ್ಕಿಂತ ಅಗ್ಗವಾದುದು ಸಾಕೆನ್ನುತ್ತಾರೆ. ಈ ಎರಡು ಮಾತುಗಳೂ ನಮಗೆ ಸಮ್ಮತವಲ್ಲ.

ಆಟವೂ ಪರದೆಯೂ ನಿನ್ನೆ ಮೊನ್ನೆಯ ಗೆಳೆಯರಲ್ಲ. 1958ರಲ್ಲಿಯೇ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ನೋಡಬಂದ ಜನರಿಗೆ ಬೇಸರವಾಗದಿರಲೆಂದು ಆಸಿಲೋಸ್ಕೋಪಿನ ಪುಟ್ಟ ಗಾಜಿನ ಮೇಲೆ ಟೆನಿಸ್ ಆಟವೊಂದನ್ನು ಹೂಡಿದರು. 1962ರಲ್ಲಿ ಎಂ.ಐ.ಟಿ.ಯ ತರುಣರು ಕಂಪ್ಯೂಟರಿನ ಪರದೆಯ ಮೇಲೆ 'ಸ್ಪೇಸ್‌ವಾರ್' ಆಡಿದರು. ಅವರಾರೂ ಆಟದಿಂದ ಕೆಟ್ಟುಹೋದರೆಂದು ನಾವು ಕೇಳಿಲ್ಲ. ಆಟವಾಡಲೆಂದು ಯಂತ್ರದ ಮುಂದೆ ಕುಳಿತ ಹುಡುಗನೇ ಅದರ ಒಳಗುಟ್ಟನ್ನು ಮೊದಲು ಅರಿಯುವುದನ್ನು ಶಿಕ್ಷಕರೆಲ್ಲರೂ ಬಲ್ಲರು. ಆದುದರಿಂದ ಆಟದ ಹೆಸರಿಗೆ ಅಂಜಬೇಕಾಗಿಲ್ಲ.

ವೇಗದ ಪಕ್ಷದವರ ವಾದದಲ್ಲಿಯೂ ಸತ್ಯವಿಲ್ಲದಿಲ್ಲ. ಸಾಧಾರಣ ಪರದೆ ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುತ್ತದೆ. ಎಂದರೆ ಒಂದೊಂದು ಚಿತ್ರವೂ ಸುಮಾರು 17 ಮಿಲಿಸೆಕೆಂಡು ನಿಲ್ಲುತ್ತದೆ. 144ರ ಪರದೆಯಲ್ಲಿ ಅದು 7ಕ್ಕೆ ಇಳಿಯುತ್ತದೆ. ಕಾರು ಓಡಿಸುವ, ಗುಂಡು ಹಾರಿಸುವ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೂ ಕೈಗೂ ತಿಳಿಯುವಂಥದು. ಪುಟವನ್ನು ಸರಿಸುವಾಗಲೂ ಅಕ್ಷರಗಳು ಕಡಮೆ ಕದಡುತ್ತವೆ. ಆದರೆ ಸೆಕೆಂಡಿಗೆ 144 ಚಿತ್ರಗಳನ್ನು ಪರದೆ ತೋರಿಸಬೇಕಾದರೆ ಅಷ್ಟನ್ನೂ ಕಂಪ್ಯೂಟರು ಬರೆದುಕೊಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ನಮ್ಮ ಶಾಲೆಯ ಯಂತ್ರಗಳಿಗೆ ದೊಡ್ಡ ಆಟಗಳಲ್ಲಿ ಆ ಶಕ್ತಿಯಿಲ್ಲ. ಎತ್ತಿನ ಗಾಡಿಗೆ ಮೋಟಾರಿನ ಚಕ್ರ ಕಟ್ಟಿಸಿದಂತಾದೀತು.

ಹಾಗಾದರೆ ಹಣವನ್ನು ಯಾವುದಕ್ಕೆ ತೆರಬೇಕು? ಅಕ್ಷರಕ್ಕೆ, ಎಂಬುದು ನಮ್ಮ ಉತ್ತರ.

ಚಪ್ಪಟೆ ಪರದೆಯ ಮೇಲಿನ ಅಕ್ಷರವೆಂದರೆ ಚುಕ್ಕಿಗಳ ರಂಗೋಲಿ. ಆ ಚುಕ್ಕಿಗಳಿಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳುಳ್ಳ ಪರದೆಯೇ ಇಂದು ಎಲ್ಲೆಲ್ಲೂ ಕಾಣಸಿಗುವುದು. ಇದರ ಮೇಲೆ 12 ಪಾಯಿಂಟಿನ ಅಕ್ಷರಕ್ಕೆ ಸಾಮಾನ್ಯವಾಗಿ ದೊರೆಯುವ ಎತ್ತರ 16 ಚುಕ್ಕಿ. ಇಂಗ್ಲಿಷಿನ ಅಕ್ಷರ ಅಷ್ಟರಲ್ಲಿ ಸುಖವಾಗಿ ಬಾಳುತ್ತದೆ. ನಮ್ಮ 'ರಾಷ್ಟ್ರ'ವನ್ನು ನೋಡಿರಿ. ಮೇಲೆ ತಲೆಕಟ್ಟು, ನಡುವೆ ಷಕಾರದ ಒಡಲು, ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು; ಇಷ್ಟೂ ಸಂಸಾರ ಆ ಹದಿನಾರರಲ್ಲಿ ನಡೆಯಬೇಕು! ಮುಂಬಯಿಯ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ದಕಾರಕ್ಕೂ ಧಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ಇರುವ ಭೇದವಾದರೂ ಎಷ್ಟು? ಹೊಟ್ಟೆಯ ಒಂದು ಸೀಳು. ಪರದೆಯ ಮೇಲೆ ಆ ಸೀಳು ಒಂದು ಚುಕ್ಕಿ; ಆ ಚುಕ್ಕಿ ಮಸುಕಾದರೆ 'ಧನ'ವು 'ದನ'ವಾಗುತ್ತದೆ.

ಕನ್ನಡ ನಾಡಿನೊಳಗಿನ ಮಗು ಇಂಥ ಮಸುಕನ್ನು ಹೇಗೋ ದಾಟಿಕೊಳ್ಳುತ್ತದೆ. ಬಸ್ಸಿನ ಹಣೆಯಲ್ಲಿ, ಅಂಗಡಿಯ ಬೋರ್ಡಿನಲ್ಲಿ, ಮದುವೆಯ ಕರೆಯೋಲೆಯಲ್ಲಿ ಅದೇ ಅಕ್ಷರವನ್ನು ದಿನಕ್ಕೆ ನೂರು ಸಲ ಕಾಣುತ್ತದೆ. ನಮ್ಮ ಮಕ್ಕಳಿಗೆ ಬೀದಿಯಲ್ಲಿ ಕಾಣುವುದು ದೇವನಾಗರಿ, ಇಲ್ಲವೆ ಇಂಗ್ಲಿಷು. ಕನ್ನಡದ ಅಕ್ಷರ ಅವರ ಕಣ್ಣಿಗೆ ಬೀಳುವುದು ಪಾಠದ ಪುಸ್ತಕದಲ್ಲಿ, ಈಗೀಗ ಈ ಪರದೆಯ ಮೇಲೆ. ಇಲ್ಲಿಯೂ ಅದು ಕಲಸಿದಂತೆ ಕಂಡರೆ ಅವರು ಕಲಿಯುವುದು ಆ ಕಲಸಿದ ರೂಪವನ್ನೇ. ತಿದ್ದಲು ಕುಳಿತಾಗ ಒತ್ತಕ್ಷರಗಳಲ್ಲಿ ಕಾಣುವ ತಪ್ಪುಗಳೆಲ್ಲಕ್ಕೂ ಪರದೆಯೇ ಕಾರಣವೆಂದು ನಾವು ವಾದಿಸುವುದಿಲ್ಲ. ಸೋಮಾರಿತನಕ್ಕೂ ಅದರ ಪಾಲು ಸಲ್ಲಬೇಕು. ಆದರೂ ಕಾಣದ ಒತ್ತನ್ನು ಬರೆಯಲಿಲ್ಲವೆಂದು ಮಗುವಿನ ಕಿವಿ ಹಿಂಡುವುದು ನ್ಯಾಯವಲ್ಲ.

ಪರದೆ ದೊಡ್ಡದಾದ ಮಾತ್ರಕ್ಕೆ ಈ ದೋಷ ಹೋಗುವುದಿಲ್ಲ. ಅದೇ 1920ರ ಚುಕ್ಕಿಗಳನ್ನು 27 ಅಂಗುಲದ ಮೇಲೆ ಹರಡಿದರೆ ಅಂಗುಲಕ್ಕೆ 82 ಮಾತ್ರ ಬೀಳುತ್ತವೆ. 24 ಅಂಗುಲದಲ್ಲಿ 92 ಇದ್ದವು. 2560ಕ್ಕೆ 1440 ಚುಕ್ಕಿಗಳ 27 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ 109 ದೊರೆಯುತ್ತವೆ. ಅಕ್ಷರದ ಅಳತೆಯನ್ನು ನೂರಕ್ಕೆ 125ರಷ್ಟು ಹಿಗ್ಗಿಸಿಟ್ಟರೆ, ಮೊದಲಿನಷ್ಟೇ ದೊಡ್ಡದಾಗಿ ಕಾಣುವ ಅಕ್ಷರಕ್ಕೆ 16ರ ಬದಲು 20 ಚುಕ್ಕಿಗಳ ಎತ್ತರ. ನಾಲ್ಕೇ ಚುಕ್ಕಿ ಹೆಚ್ಚಾಯಿತು, ನಿಜ. ಆದರೆ ರಕಾರದ ಒತ್ತಿಗೆ ಕಾಲು ಚಾಚಲು ಅಷ್ಟು ಸಾಕು. ಇದಕ್ಕೂ ಮೇಲಿನದು 3840ರ ಪರದೆ. ಅಕ್ಷರದ ಚೆಲುವನ್ನು ನೋಡಬೇಕಾದರೆ ಅದರಲ್ಲಿಯೇ ನೋಡಬೇಕು. ಆದರೆ ಹಳೆಯ ಕಂಪ್ಯೂಟರಿನ ಎಚ್.ಡಿ.ಎಂ.ಐ. 1.4 ತಂತಿಯ ದಾರಿಯಲ್ಲಿ ಅದಕ್ಕೆ ಸೆಕೆಂಡಿಗೆ 30 ಚಿತ್ರಗಳು ಮಾತ್ರ ತಲಪುತ್ತವೆ. ಮೌಸಿನ ಬಾಣವೂ ಎಡವುತ್ತ ನಡೆಯುತ್ತದೆ. ಈ ವಾರ್ಷಿಕ ಸಂಚಿಕೆಯ ಕರಡು ತಿದ್ದುವುದಕ್ಕಾಗಿ ಅಂಥದೊಂದನ್ನು, ತಕ್ಕ ಯಂತ್ರದೊಡನೆ, ಕಚೇರಿಗೆ ಕೊಟ್ಟರೆ ಬೇಡವೆನ್ನೆವು.

ನಮ್ಮಲ್ಲಿ ಒಂದು ಯಂತ್ರಕ್ಕೆ ಮೂವರು ಮಕ್ಕಳು. ನಡುವೆ ಕುಳಿತವನಿಗೆ ಕಂಡದ್ದು ಬದಿಯಲ್ಲಿ ಕುಳಿತವಳಿಗೂ ಕಾಣಬೇಕು. ಟಿ.ಎನ್. ಎಂಬ ಜಾತಿಯ ಪರದೆಯಲ್ಲಿ ಓರೆಯಾಗಿ ನೋಡಿದರೆ ಬಣ್ಣ ಬಾಡುತ್ತದೆ, ಐ.ಪಿ.ಎಸ್. ಜಾತಿಯದರಲ್ಲಿ ಅಷ್ಟಾಗಿ ಬಾಡದು. ಈ ಸಂದರ್ಭದಲ್ಲಿ ಕನ್ನಡಿಗರು ನೆನೆಯಬೇಕಾದ ಒಂದು ಹೆಸರಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ಅನಂತರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಡಾ. ಎಸ್. ಚಂದ್ರಶೇಖರ್ ಅವರು, ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗಬಹುದೆಂದು 1977ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ತೋರಿಸಿಕೊಟ್ಟರು. ಅಲ್ಲಿಯವರೆಗೆ ಕಡ್ಡಿಯಂಥ ಅಣುಗಳಿಂದ ಮಾತ್ರ ಅದು ಸಾಧ್ಯವೆಂಬ ನಂಬಿಕೆಯಿತ್ತು. ಇಂಥ ಬಿಲ್ಲೆ ಅಣುಗಳ ತೆಳುಹಾಳೆಯನ್ನು ಹೊದಿಸಿ, ಟಿ.ಎನ್. ಪರದೆಗಳ ಓರೆನೋಟದ ದೋಷವನ್ನು ಜಗತ್ತಿನ ತಯಾರಕರು ಮುಂದೆ ಬಹುಮಟ್ಟಿಗೆ ತಗ್ಗಿಸಿಕೊಂಡರು. ವಿಜ್ಞಾನದ ತರಗತಿಯಲ್ಲಿ ಇದನ್ನು ಹೇಳದೆ ಮಾನಿಟರನ್ನು ಹೊತ್ತಿಸುವುದು ನಮಗೆ ಸರಿತೋರದು.

ಆಟ ಮತ್ತು ಪಾಠ ಒಂದೇ ಪರದೆಯನ್ನು ಹಂಚಿಕೊಳ್ಳುವಾಗ ಬರುವ ತಕರಾರು ಬೇರೊಂದುಂಟು. ಚಪ್ಪಟೆ ಪರದೆಯ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲಿಯೇ ನಿಶ್ಚಯವಾದದ್ದು. ಆಟ ಹಗುರವಾಗಿ ಓಡಲೆಂದು ಹುಡುಗರು ಆ ಅಳತೆಯನ್ನು ಇಳಿಸುತ್ತಾರೆ. ಗಂಟೆ ಬಾರಿಸಿದೊಡನೆ ಹಾಗೆಯೇ ಬಿಟ್ಟು ಓಡುತ್ತಾರೆ. ಮುಂದಿನ ತರಗತಿಗೆ ಬಂದವರ ಕನ್ನಡವೆಲ್ಲ ನೀರಿನಲ್ಲಿ ನೆನೆದಂತೆ! 'ಗೇಮ್' ಎಂಬ ಬಣ್ಣದ ಏರ್ಪಾಡೂ ಇಂಥದೇ. ಕತ್ತಲಲ್ಲಿ ಅಡಗಿದ ವೈರಿ ಕಾಣಲೆಂದು ಕಪ್ಪನ್ನು ಬೆಳ್ಳಗಾಗಿಸುತ್ತದೆ, ಕೆಲವು ಮಾನಿಟರುಗಳಲ್ಲಿ ಅಕ್ಷರದ ಅಂಚಿಗೆ ಬಿಳಿಯ ಗೆರೆಯನ್ನೂ ಎಳೆಯುತ್ತದೆ. ಆಡಿದವರು ಎರಡನ್ನೂ ಮೊದಲಿನಂತೆ ಮಾಡಿ ಏಳಬೇಕೆಂಬ ನಿಯಮವನ್ನು ಬಾಗಿಲಿಗೆ ಅಂಟಿಸಬೇಕು. ಇದನ್ನು ನೋಡಿಕೊಳ್ಳುವ ಭಾರ ತರಗತಿಯ ಮಾನಿಟರನದು.

ಇನ್ನು ಕೊಳ್ಳುವ ಮಾತು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಪರದೆಯ ಮೇಲೆ ಹೂವು ಅರಳುತ್ತಿರುತ್ತದೆ, ಕಾರು ಹಾರುತ್ತಿರುತ್ತದೆ. ಅದನ್ನು ನೋಡಿ ಮರುಳಾಗದವರಿಲ್ಲ. ಸಮಿತಿಯವರು ಅಲ್ಲಿಗೆ ಹೋಗುವಾಗ ಒತ್ತಕ್ಷರಗಳಿಂದ ತುಂಬಿದ ಪಾಠದ ಪುಟವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯಲಿ. ಏಳನೆಯ ತರಗತಿಯ ಒಬ್ಬ ಹುಡುಗಿಯನ್ನೂ ಕರೆದೊಯ್ಯಲಿ. ಅವಳು ಒಂದೂವರೆ ಅಡಿ ದೂರದಲ್ಲಿ ಕುಳಿತು 12 ಪಾಯಿಂಟಿನ ಆ ಪುಟವನ್ನು ತಡವರಿಸದೆ ಓದಿದ ಮೇಲೆಯೇ ಬೆಲೆಯ ಮಾತು ಎತ್ತಲಿ. ಹತ್ತು ಕೊಳ್ಳುವ ಹಣಕ್ಕೆ ಏಳೇ ಬಂದರೂ ಚಿಂತೆಯಿಲ್ಲ. ಆಟಕ್ಕೆ ಶನಿವಾರ ಮಧ್ಯಾಹ್ನ ಆ ಏಳೂ ತೆರೆದಿರಲಿ.