ಒಡೆಯಬೇಡಿ, ಬಿಚ್ಚಿಸಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಮನೆ ಅವರವರದು. ಅಣ್ಣತಮ್ಮಂದಿರ ಪಾಲು ಆಗಬೇಕು, ಮಕ್ಕಳು ಹೊರದೇಶದಲ್ಲಿದ್ದಾರೆ, ಸೋರುವ ಮಾಡು ರಿಪೇರಿ ಮಾಡಿಸುವಷ್ಟು ದುಡ್ಡಿಲ್ಲ. ಕೆಡವಬೇಡಿ ಎನ್ನುವ ಹಕ್ಕು ನನಗಿಲ್ಲ. ನನ್ನ ತಕರಾರು ಕೆಡವುವ ರೀತಿಯ ಮೇಲೆ. ತೇಗದ ಬೆಲೆ ಬಲ್ಲ ಗುತ್ತಿಗೆದಾರ ಮುಂಬಾಗಿಲನ್ನೇನೋ ಜೋಪಾನ ಮಾಡುತ್ತಾನೆ. ಒಳಕೋಣೆಯ ಬಾಗಿಲು, ಕಿಟಕಿ, ಕಿಟಕಿಯ ಮೇಲಿನ ಮಂಕಿ ಟಾಪ್ ಎಂಬ ಮರದ ಚಾವಣಿಯ ಪಟ್ಟಿಗಳಿಗೆ ಹಾರೆಯೇ ಗತಿ. ಮೀಟಿದ ಏಟಿಗೆ ಸಂದು ಸೀಳುತ್ತದೆ, ಸೀಳಿದ್ದು ಸೌದೆಯಾಗುತ್ತದೆ. ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಮರಗೆಲಸ, ಫಿಟ್ಟಿಂಗ್ ಕಲಿಸಿ ನಿವೃತ್ತನಾದವನು ನಾನು. ಆ ಬಾಗಿಲುಗಳನ್ನು ಬಿಚ್ಚಲು ಬರುವಂತೆಯೇ ಮಾಡಿದ್ದಾರೆಂದು ಬಲ್ಲೆ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗಿನ ಬೆನ್ನಿಗೆ. ಆ ಕಾಲದ ಹಲಗೆ ಬಾಗಿಲು ಇನ್ನೂ ನಿಂತಿದ್ದರೆ ಹತ್ತಿರ ಹೋಗಿ ನೋಡಿ. ನಿಂತ ಪಟ್ಟಿಯಲ್ಲಿ ಉಳಿಯಿಂದ ತೋಡಿದ ಚೌಕ ತೂತು, ಅಡ್ಡಪಟ್ಟಿಯ ತುದಿಗೆ ಆ ತೂತಿನಲ್ಲಿ ಬಿಗಿಯಾಗಿ ಕೂರುವ ನಾಲಿಗೆ, ಎರಡನ್ನೂ ಹಾಯ್ದು ಹೋಗುವ ಮರದ ಗೂಟ. ಕೈ ಪಳಗಿದ ಆಚಾರಿ ನಾಲಿಗೆಯ ಗೂಟದ ತೂತನ್ನು ಪಟ್ಟಿಯ ತೂತಿಗೆ ನೇರವಾಗಿ ಕೊರೆಯುವುದಿಲ್ಲ, ಕೂದಲೆಳೆಯಷ್ಟು ಸರಿಸಿ ಕೊರೆಯುತ್ತಾನೆ. ಗೂಟ ಬಡಿಯುತ್ತಾ ಹೋದಂತೆ ನಾಲಿಗೆ ಒಳಕ್ಕೆ ಜಗ್ಗಿಕೊಂಡು ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂಟಿನ ಹಂಗಿಲ್ಲ. ನಡುವಿನ ಹಲಗೆಗಂತೂ ಗೂಟವೂ ಇಲ್ಲ, ಮೊಳೆಯೂ ಇಲ್ಲ. ಪಟ್ಟಿಗಳ ಒಳಅಂಚಿನಲ್ಲಿ ಕೊರೆದ ತೋಡಿನಲ್ಲಿ ಸಡಿಲವಾಗಿ ಕೂತಿರುತ್ತದೆ. ಮಳೆಗಾಲದಲ್ಲಿ ಮರ ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಲಗೆಗೆ ಆಡಲು ಜಾಗವಿರುವುದರಿಂದಲೇ ಅದು ಅಷ್ಟು ವರ್ಷ ಸೀಳದೆ ಉಳಿದದ್ದು. ಬಿಚ್ಚಬೇಕೆಂದರೆ ಗೂಟವನ್ನು ಹಿಂದಿನಿಂದ ತಟ್ಟಿ ಹೊರದೂಡಿ, ಮರದ ಸುತ್ತಿಗೆಯಿಂದ ಪಟ್ಟಿಗಳನ್ನು ಮೆಲ್ಲನೆ ಬಿಡಿಸಿದರಾಯಿತು.

ಬಿಜಾಗರಿಯ ತಿರುಪು ತುಕ್ಕು ಹಿಡಿದು ಬರುವುದೇ ಇಲ್ಲ ಎನ್ನುವವರಿದ್ದಾರೆ. ಬರುತ್ತದೆ. ತಲೆಯ ಸೀಳಿನಲ್ಲಿ ತುಂಬಿಕೊಂಡ ಬಣ್ಣವನ್ನು ಮೊದಲು ಕೆರೆದು ತೆಗೆಯಬೇಕು. ಎರಡು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಸೀಳಿನ ಉದ್ದಕ್ಕೂ ತುಂಬಿ ಕೂರುವಂಥ ತಿರುಪುಳಿ ಇಟ್ಟು, ಅದರ ಹಿಡಿಯ ಮೇಲೆ ಒಂದೆರಡು ಏಟು ಹಾಕಿದರೆ ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಆಮೇಲೂ ನೇರ ಬಿಚ್ಚಲು ಹೋಗಬಾರದು. ಬಿಗಿಯುವ ದಿಕ್ಕಿಗೇ ಒಂದಿಷ್ಟು ತಿರುಗಿಸಿ. ಅಲ್ಲಾಡಿತೆಂದರೆ ಕೆಲಸ ಮುಗಿದಂತೆ. ವಿದ್ಯಾರ್ಥಿಗಳಿಗೆ ನಾನು ಬಿಗಿಯುವುದಕ್ಕಿಂತ ಮೊದಲು ಬಿಚ್ಚುವುದನ್ನೇ ಕಲಿಸುತ್ತಿದ್ದೆ.

ಬಿಚ್ಚಲು ಬರುವ ಜೋಡಣೆ ದುರ್ಬಲ ಎಂಬ ಭ್ರಮೆಯಿದ್ದರೆ ಲಾಲ್‌ಬಾಗಿನ ಗಾಜಿನ ಮನೆಗೆ ಹೋಗಿ ತಲೆಯೆತ್ತಿ ನೋಡಿ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ ಕಟ್ಟಡ ಅದು. ಆಗ ತೋಟದ ಮುಖ್ಯಸ್ಥರು ಜಾನ್ ಕ್ಯಾಮರಾನ್. ಕಬ್ಬಿಣದ ಭಾಗಗಳು ಗ್ಲಾಸ್ಗೋದ ಸರಸೆನ್ ಫೌಂಡ್ರಿಯಲ್ಲಿ ಎರಕಗೊಂಡು, ಹಡಗಿನಲ್ಲಿ ಬಂದು, ಇಲ್ಲಿ ಜೋಡಣೆಯಾದವು. ಎರಕದ ಕಬ್ಬಿಣ ರಿವೆಟ್ ಬಡಿಯುವ ಏಟನ್ನು ತಡೆಯದೆ ಬಿರಿಯುತ್ತದೆ. ಆದ್ದರಿಂದ ಅಂಥ ಕಟ್ಟಡಗಳ ನಂಬಿಕೆಯೆಲ್ಲ ಬೋಲ್ಟು ನಟ್ಟಿನ ಮೇಲೆ. ಬಿಡಿಭಾಗಗಳ ಕಟ್ಟಡವಾದ್ದರಿಂದ ಬೆಳೆಸುವುದೂ ಸಾಧ್ಯವಾಯಿತು, 1935ರಲ್ಲಿ ಪೂರ್ವಕ್ಕೆ ಒಂದು ರೆಕ್ಕೆ ಸೇರಿತು. ಗಾಜುಗಳನ್ನು ಬದಲಾಯಿಸಿದ್ದಾರೆ, ಮೂಲ ಚೌಕಟ್ಟು ನಿಂತೇ ಇದೆ. ವರ್ಷಕ್ಕೆರಡು ಸಲ ಅದರ ಕೆಳಗೆ ಫಲಪುಷ್ಪ ಪ್ರದರ್ಶನ ನೋಡಿ ಬರುವ ನಾವು ಹೂವಿನಿಂದ ಕಣ್ಣೆತ್ತಿ ಆ ಸಂದುಗಳನ್ನೂ ಒಮ್ಮೆ ನೋಡಬೇಕು.

ಬೋಲ್ಟಿಗೂ ಒಂದು ಶಿಸ್ತು ಬೇಕು. 1841ರಲ್ಲಿ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ತ್ರೆಡ್ಡನ್ನು ಗೊತ್ತುಮಾಡುವವರೆಗೆ ಇಂಗ್ಲೆಂಡಿನಲ್ಲಿ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲ. ಈಗಿನ ಮೆಟ್ರಿಕ್ ತ್ರೆಡ್ 60 ಡಿಗ್ರಿ. ಹಳೆಯ ಕಾಲಿಂಚಿನ ನಟ್ಟಿಗೆ ಹೊಸ 6 ಮಿಲಿಮೀಟರ್ ಬೋಲ್ಟು ಹಾಕಿದರೆ ಕೂತಂತೆಯೇ ಕಾಣುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಹಳೆಯ ಸಾಮಾನಿನ ತಿರುಪನ್ನು ಅದರ ಜೊತೆಯಲ್ಲೇ ಡಬ್ಬಿಯಲ್ಲಿಟ್ಟು ಕೊಡಿ ಎಂದು ನಾನು ಗೋಗರೆಯುವುದು ಇದಕ್ಕೇ.

ಬಿಚ್ಚಲು ಬಾರದಂತೆ ಮಾಡುವ ರೋಗ ಈಗ ಮನೆಯೊಳಗಿನ ಸಾಮಾನಿಗೂ ತಗುಲಿದೆ. ಕುಕ್ಕರಿನ ಹಿಡಿ ಮುರಿದರೆ ಒಂದು ತಿರುಪು ಬಿಚ್ಚಿ ಹೊಸ ಹಿಡಿ ಹಾಕುತ್ತೇವೆ. ಮಿಕ್ಸಿಯ ಕಪ್ಲರ್ ಸವೆದರೆ ಅದೊಂದನ್ನೇ ಬದಲಾಯಿಸುತ್ತೇವೆ, ಮೋಟಾರು ಉಳಿಯುತ್ತದೆ. ನಮ್ಮ ಮನೆಯ ಎಮರ್ಜೆನ್ಸಿ ದೀಪದ ಬ್ಯಾಟರಿ ಸತ್ತಾಗ ಮಾತ್ರ ಬಿಚ್ಚಲು ಒಂದು ತಿರುಪೂ ಸಿಗಲಿಲ್ಲ. ಎರಡು ಪ್ಲಾಸ್ಟಿಕ್ ಹೋಳುಗಳನ್ನು ಕರಗಿಸಿ ಒಂದಾಗಿಸಿದ್ದರು. ಹ್ಯಾಕ್ಸಾ ಹಿಡಿದು ಕೊಯ್ದೆ. ದೀಪ ಉರಿಯಿತು, ಡಬ್ಬಿ ಹಾಳಾಯಿತು. ಬೆಸುಗೆಯೇ ಬೇಡ, ರಿವೆಟ್ಟೇ ಬೇಡ ಎನ್ನುತ್ತಿಲ್ಲ. ಬಾಣಲೆಯ ಕಿವಿಗೆ ರಿವೆಟ್ ಬೇಕು, ನೀರಿನ ಟ್ಯಾಂಕಿಗೆ ಬೆಸುಗೆ ಬೇಕು. ಸವೆಯುತ್ತದೆಂದು ಗೊತ್ತಿರುವ ಭಾಗವನ್ನು ತಿಳಿದೂ ಮುಚ್ಚಿ ಅಂಟಿಸುವುದು ಗಿರಾಕಿಗೆ ಬಗೆಯುವ ದ್ರೋಹ.

ರಿಪೇರಿ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಯುರೋಪ್ ಒಕ್ಕೂಟ ಇನ್ನೂ ಮುಂದೆ ಹೋಗಿ, ಉಪಕರಣಗಳ ಬ್ಯಾಟರಿಯನ್ನು ಬಳಸುವವನೇ ತೆಗೆದುಹಾಕುವಂತಿರಬೇಕೆಂದು ಕಾನೂನು ಮಾಡಿದೆ. 2027ರ ಫೆಬ್ರವರಿಯಿಂದ ಅದು ಜಾರಿಗೆ ಬರಬೇಕು. ನಮಗೂ ಪೋರ್ಟಲ್ ಸಾಲದು, ಅಂಥ ಕಾನೂನೇ ಬೇಕು. ಮನೆ ಕೆಡವಲು ಅರ್ಜಿ ಹಾಕಿದವರಿಗೆ ಬಾಗಿಲು, ಕಿಟಕಿ, ತೊಲೆಗಳನ್ನು ಮೊದಲು ಬಿಚ್ಚಿ ತೆಗೆಯಬೇಕೆಂಬ ಷರತ್ತನ್ನು ನಗರ ಪಾಲಿಕೆ ಹಾಕಲಿ. ಬಿಚ್ಚಿದ್ದನ್ನು ಕೊಳ್ಳುವವರು ಈ ಊರಿನಲ್ಲೇ ಇದ್ದಾರೆ.

ಅಲ್ಲಿಯವರೆಗೆ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಮಿಕ್ಸಿಯೋ ದೀಪವೋ ಕೊಳ್ಳುವಾಗ ಅಂಗಡಿಯಲ್ಲೇ ಅದನ್ನು ತಿರುವಿ ತಳ ನೋಡಿ. ಮಾಮೂಲಿ ತಿರುಪುಳಿಗೆ ಬಗ್ಗುವ ತಿರುಪು ಕಾಣದಿದ್ದರೆ, ಏಕೆ ಬೇಡವೆಂದು ಅಂಗಡಿಯವರಿಗೆ ಹೇಳಿ, ವಾಪಸು ಕೊಟ್ಟು ಬನ್ನಿ.