ಮನ್ನಿಸುವ ಹಕ್ಕು ಯಾರದು?

ಕಳೆದ ತಿಂಗಳು ನಮ್ಮ ಊರಿನ ಗಿರಣಿಯೊಂದರಲ್ಲಿ ಕಾರ್ಮಿಕರೊಬ್ಬರ ಬಲಗೈ ಯಂತ್ರದ ಬೆಲ್ಟಿಗೆ ಸಿಕ್ಕಿ ಮೂರು ಬೆರಳುಗಳು ಹೋದವು. ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೆಯ ದಿನ ಸಂಜೆ ಐದು ಮಂದಿ ಹಿರಿಯರು ಅವರ ಮನೆಗೆ ದಯಮಾಡಿಸಿದರು. ಕೈಯಲ್ಲಿ ಒಂದು ಚೀಲ ಮೋಸಂಬಿ, 20,000 ರೂಪಾಯಿಯ ಒಂದು ಲಕೋಟೆ, ಮೊದಲೇ ಬರೆದು ಸಿದ್ಧಪಡಿಸಿದ ಒಂದು ಛಾಪಾ ಕಾಗದ. ನಮ್ಮನ್ನೂ ಬರಹೇಳಿದ್ದರು. ಪಕ್ಷದವರು ಮುಂದೆ ತಕರಾರು ತೆಗೆಯದಿರಲಿ ಎಂಬ ಮುಂದಾಲೋಚನೆ ಇದ್ದೀತು.

“ಆದದ್ದು ಆಗಿಹೋಯ್ತಪ್ಪ. ಮನಸ್ಸಿನಲ್ಲಿ ಇಟ್ಕೊಬೇಡ. ಕ್ಷಮಿಸಿಬಿಡು. ಕ್ಷಮಿಸೋನೇ ದೊಡ್ಡೋನು” ಎಂದು ಅವರಲ್ಲಿ ಎಲ್ಲರಿಗಿಂತ ಹಿರಿಯರಾದವರು ಹೇಳಿದರು. ಕಪಟದಿಂದ ಹೇಳಿದರೆಂದು ನಾವು ಹೇಳುವುದಿಲ್ಲ. ಆ ಐವರಲ್ಲಿ ಇಬ್ಬರು ಪೇಟೆಬೀದಿಯಲ್ಲಿ ಅಂಗಡಿ ಇಟ್ಟವರು, ಈ ಪತ್ರಿಕೆಯ ಚಂದಾದಾರರು, ಮುಷ್ಕರದ ದಿನಗಳಲ್ಲಿ ಕಾರ್ಮಿಕರ ಮನೆಗಳಿಗೆ ಅಕ್ಕಿ ಬೇಳೆ ಉದ್ದರಿ ಕೊಟ್ಟವರು. ಅಂಥ ಸಜ್ಜನರು ಕೂಡ ಅಂದು ಆ ಕಾಗದದ ಕಡೆ ನಿಂತಿದ್ದರಿಂದಲೇ ಈ ವಿಷಯ ಬರೆಯಬೇಕೆನ್ನಿಸಿತು.

ನಾವು ಕಾಗದವನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದೆವು. ತನ್ನ ಸ್ವಂತ ಅಜಾಗರೂಕತೆಯಿಂದ ಅಪಘಾತ ಸಂಭವಿಸಿತೆಂದೂ, ಮಾಲೀಕರು ಯಾವ ವಿಧದಲ್ಲೂ ಹೊಣೆಗಾರರಲ್ಲವೆಂದೂ, ಅವರು ದಯೆಯಿಟ್ಟು ಕೊಟ್ಟ ಹಣವನ್ನು ಪಡೆದು ಮುಂದೆ ಯಾವ ತಂಟೆಗೂ ಬರುವುದಿಲ್ಲವೆಂದೂ ಅದರಲ್ಲಿ ಬರೆದಿತ್ತು. ಒಳಗಿನ ಬಾಗಿಲಲ್ಲಿ ನಿಂತಿದ್ದ ಆ ಮನೆಯ ಯಜಮಾನಿ ಕೇಳಿದರು: “ಹಂಗಾದ್ರೆ ಇದರಲ್ಲಿ ತಪ್ಪು ಮಾಡಿದೋರು ನಮ್ಮೋರೇ ಆದ್ರಲ್ಲ ಮೇಷ್ಟ್ರೇ. ಇವರು ಯಾರನ್ನ ಕ್ಷಮಿಸಬೇಕು?”

ಐವರೂ ಸುಮ್ಮನಾದರು. ನಾವೂ ಸುಮ್ಮನಾದೆವು.

ಉತ್ತರ ಹೇಳುವ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ಲೇಸು. ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾವು ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆವು. ಒಮ್ಮೆ ಊರಿನ ದೊಡ್ಡ ಮನೆತನದ ಹುಡುಗ ಕೂಲಿಯವರ ಹುಡುಗನೊಬ್ಬನ ಹಣೆಗೆ ಸ್ಲೇಟಿನಿಂದ ಹೊಡೆದು ರಕ್ತ ಬರಿಸಿದ. ಹೊಡೆದವನನ್ನು ನಾವು ಬಯ್ದೆವೇನೋ ನಿಜ, ಆದರೆ ಮೆಲ್ಲಗೆ. ಆಮೇಲೆ ಇಬ್ಬರನ್ನೂ ನಿಲ್ಲಿಸಿ ಕೈ ಕೈ ಹಿಡಿಸಿ, ಪೆಟ್ಟು ತಿಂದವನಿಗೆ “ಆಯ್ತು ಬಿಡಿ ಸಾರ್ ಅನ್ನು” ಎಂದೆವು. ಅವನು ಅಂದ. ಗೋಡೆಯ ಮೇಲೆ ‘ಕ್ಷಮೆಯೇ ವೀರರಿಗೆ ಭೂಷಣ’ ಎಂದು ನಾವೇ ಬರೆಸಿದ್ದ ಅಕ್ಷರಗಳಿದ್ದವು. ಆ ವಾರ ಕಳೆದ ಮೇಲೆ ಹುಡುಗ ಶಾಲೆಗೆ ಬರಲಿಲ್ಲ. ಅವನ ತಂದೆಯನ್ನು ವಿಚಾರಿಸುವ ಧೈರ್ಯ ನಮಗೂ ಆಗಲಿಲ್ಲ. ಅಂದು ನಾವು ಕಾಪಾಡಿದ್ದು ಶಾಂತಿಯನ್ನಲ್ಲ, ನಮ್ಮ ನೌಕರಿಯನ್ನು. ಆ ಹುಡುಗನ ಬಾಯಲ್ಲಿ ಕ್ಷಮೆ ಹೇಳಿಸಿ, ಅದನ್ನು ದೊಡ್ಡ ಮನೆಗೆ ಕಾಣಿಕೆ ಕೊಟ್ಟೆವು.

ವ್ಯಾಪಾರಿ ಬಂಧುಗಳಿಗೆ ಅವರದೇ ಲೆಕ್ಕದ ಭಾಷೆಯಲ್ಲಿ ಹೇಳುತ್ತೇವೆ. ಬಡ ಗಿರಾಕಿಯೊಬ್ಬನ ಸಾಲವನ್ನು ನೀವು ಮನ್ನಾ ಮಾಡುವುದುಂಟು. ಅದು ದೊಡ್ಡ ಗುಣವೇ ಸರಿ. ಆದರೆ ಮನ್ನಾ ಮಾಡುವ ಮುಂಚೆ ಆ ಸಾಲ ನಿಮ್ಮ ಖಾತೆಪುಸ್ತಕದಲ್ಲಿ ಇರಬೇಕಷ್ಟೆ? ಗಿರಾಕಿ ‘ನಾನು ಸಾಮಾನು ಒಯ್ದೇ ಇಲ್ಲ’ ಎಂದು ಸಾಧಿಸುತ್ತಿದ್ದರೆ ನೀವು ಮನ್ನಾ ಮಾಡುವುದು ಏನನ್ನು? ಇನ್ನು, ನೀವಿಲ್ಲದ ಹೊತ್ತಿನಲ್ಲಿ ನಿಮ್ಮ ಗುಮಾಸ್ತ ಯಾರದೋ ಬಾಕಿಗೆ ಗೀಟು ಹೊಡೆದರೆ ಅದನ್ನು ಉದಾರತೆ ಎನ್ನುವಿರೋ, ಕಳ್ಳತನ ಎನ್ನುವಿರೋ? ವಸೂಲಿ ಮಾಡಲು ಕೈಲಾಗದೆ ಬಿಟ್ಟ ಬಾಕಿಗೆ ನಿಮ್ಮ ಪುಸ್ತಕದಲ್ಲಿ ಬೇರೆಯೇ ಹೆಸರಿದೆ: ಮುಳುಗಿದ ಸಾಲ. ಬಡವರ ಕ್ಷಮೆ ಎಂದು ಲೋಕ ಹೊಗಳುವುದರಲ್ಲಿ ಬಹುಪಾಲು ಈ ಮುಳುಗಿದ ಸಾಲವೇ.

ಗುಮಾಸ್ತ ಗೀಟು ಹೊಡೆದ ಕಥೆಯೊಂದು ನಮ್ಮ ದೇಶದಲ್ಲೇ ನಡೆದಿದೆ. ಅದು ಭೋಪಾಲದ ಕಥೆ.

1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಂಪನಿಯ ಕೀಟನಾಶಕದ ಕಾರ್ಖಾನೆಯಿಂದ ಸುಮಾರು 40 ಟನ್ ವಿಷಾನಿಲ ಹೊರಬಿದ್ದು, ಮಲಗಿದ್ದ ಬಡವರ ಗುಡಿಸಲುಗಳ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಲಕ್ಷಾಂತರ ಜನ ಕಣ್ಣು, ಶ್ವಾಸಕೋಶ ಕೆಡಿಸಿಕೊಂಡು ಬದುಕುಳಿದರು. ಆ ವಿಷವನ್ನು ತಣ್ಣಗೆ ಇಡಬೇಕಾದ ಶೀತಕ ಯಂತ್ರವನ್ನು ತಿಂಗಳುಗಳಿಂದ ನಿಲ್ಲಿಸಿದ್ದರು. ಹೊರಬಿದ್ದ ಅನಿಲವನ್ನು ಸುಡಬೇಕಾದ ಗೋಪುರ ದುರಸ್ತಿಗೆಂದು ಬಿಚ್ಚಿ ಬಿದ್ದಿತ್ತು. ಇದು ಯಾರಿಗೂ ಮುಂಚೆ ತಿಳಿಯದ ಸಂಗತಿಯಲ್ಲ. 1981ರಲ್ಲೇ ಅದೇ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ವಿಷಾನಿಲದಿಂದ ಸತ್ತಿದ್ದ. ಕಾರ್ಮಿಕ ಸಂಘದವರು ಗೋಡೆಗಳಿಗೆ ಎಚ್ಚರಿಕೆಯ ಭಿತ್ತಿಪತ್ರ ಅಂಟಿಸಿದ್ದರು. ರಾಜಕುಮಾರ್ ಕೇಸ್ವಾನಿ ಎಂಬ ಪತ್ರಕರ್ತರು ‘ರಪಟ್’ ಎಂಬ ತಮ್ಮ ಸಣ್ಣ ಹಿಂದಿ ವಾರಪತ್ರಿಕೆಯಲ್ಲಿ 1982ರಲ್ಲಿ ಮತ್ತೆ ಮತ್ತೆ ಬರೆದು, ಭೋಪಾಲದ ಜನ ಜ್ವಾಲಾಮುಖಿಯ ಬಾಯಲ್ಲಿ ಕುಳಿತಿದ್ದಾರೆಂದು ಕೂಗಿ ಹೇಳಿದ್ದರು. ನಮ್ಮಂಥ ಪತ್ರಿಕೆಗಳನ್ನು ದೊಡ್ಡವರು ಓದುವುದಿಲ್ಲವೆಂಬುದು ನಮಗೂ ಅನುಭವವಿದ್ದ ಮಾತೇ.

ಸರಕಾರ 1985ರಲ್ಲಿ ಒಂದು ಕಾಯಿದೆ ತಂದಿತು. ಬಾಧಿತರ ಪರವಾಗಿ ದಾವೆ ಹೂಡುವ ಹಕ್ಕೂ ರಾಜಿ ಮಾಡಿಕೊಳ್ಳುವ ಹಕ್ಕೂ ತನ್ನೊಬ್ಬನದೇ ಎಂದು ಬರೆದುಕೊಂಡಿತು. ಅಸಹಾಯಕರಿಗೆ ಸರಕಾರವೇ ತಂದೆತಾಯಿ ಎಂಬ ನ್ಯಾಯ. ಮೊದಲು 300 ಕೋಟಿ ಡಾಲರಿಗೂ ಮೇಲೆ ಕೇಳಿದ ಆ ತಂದೆತಾಯಿ, 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ರಾಜಿಯಾಯಿತು. ಅಷ್ಟೇ ಆಗಿದ್ದರೆ ಚೌಕಾಸಿಯಲ್ಲಿ ಸೋತರೆನ್ನಬಹುದಿತ್ತು. ಆ ರಾಜಿಯಲ್ಲಿ ಕಂಪನಿಯ ಮೇಲಿನ, ಅದರ ಅಧಿಕಾರಿಗಳ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನೂ ರದ್ದುಮಾಡಿದರು. ಗಂಡನನ್ನು ಕಳೆದುಕೊಂಡವಳನ್ನು ಕೇಳಲಿಲ್ಲ, ಕೂಸನ್ನು ಹೂತುಬಂದವಳನ್ನು ಕೇಳಲಿಲ್ಲ. ಅವರ ಹೆಸರಿನಲ್ಲಿ ಬೇರೆಯವರು ಕ್ಷಮಿಸಿಬಿಟ್ಟರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯುಂಟಷ್ಟೆ? ಇಲ್ಲಿ ಕೊಟ್ಟವರಿಗೆ ತಾವು ಕೊಟ್ಟೆವೆಂಬುದೇ ಗೊತ್ತಿರಲಿಲ್ಲ.

ನಾವು ಮತ್ತೆ ಮತ್ತೆ ಯೋಚಿಸಿದ ಸಂಗತಿಯೊಂದಿದೆ. ಇಂಗ್ಲಿಷರ ಕಾಲದಲ್ಲೇ, 1923ರ ಕಾರ್ಮಿಕ ಪರಿಹಾರ ಕಾಯಿದೆಯ 17ನೆಯ ಕಲಮು ಒಂದು ಮಾತು ಹೇಳಿತ್ತು: ಪೆಟ್ಟಾದ ಕಾರ್ಮಿಕನು ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ತಾನೇ ರುಜು ಹಾಕಿ ಬರೆದುಕೊಟ್ಟರೂ ಆ ಬರಹ ಊರ್ಜಿತವಲ್ಲ. ಹಸಿದವನ ರುಜುವಿಗೆ ಬೆಲೆಯಿಲ್ಲವೆಂದು ಪರಕೀಯರಿಗೂ ತಿಳಿದಿತ್ತು. ಒಬ್ಬ ಕೂಲಿಕಾರ ತನ್ನ ಬೆರಳಿನ ಬಗ್ಗೆ ಬರೆದುಕೊಡಲಾಗದ್ದನ್ನು, 1989ರಲ್ಲಿ ನಮ್ಮ ಸ್ವಂತ ಸರಕಾರ ಲಕ್ಷಾಂತರ ಜನರ ಉಸಿರಿನ ಬಗ್ಗೆ ಬರೆದುಕೊಟ್ಟಿತು.

ಭೋಪಾಲದ ಹೆಂಗಸರು ಒಪ್ಪಲಿಲ್ಲ. ಹೊಲಿಗೆ ಕೇಂದ್ರಗಳಲ್ಲಿ ದುಡಿಯುತ್ತಿದ್ದ, ಬುರ್ಖಾದ ಮತ್ತು ಸೆರಗಿನ ಆ ತಾಯಂದಿರು ಅಬ್ದುಲ್ ಜಬ್ಬಾರ್ ಅವರೊಡನೆ ಸಂಘ ಕಟ್ಟಿ, ದಿಲ್ಲಿಗೆ ಹೋಗಿ, ರಾಜಿಯನ್ನು ಪುನರ್ವಿಮರ್ಶೆ ಮಾಡಿರೆಂದು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 1991ರ ಅಕ್ಟೋಬರಿನಲ್ಲಿ ನ್ಯಾಯಾಲಯ ಹಣದ ಮೊತ್ತವನ್ನು ಹಾಗೆಯೇ ಉಳಿಸಿತು. ಕ್ರಿಮಿನಲ್ ಮೊಕದ್ದಮೆಗಳಿಗೆ ಮರಳಿ ಜೀವ ಕೊಟ್ಟಿತು. ಗುಮಾಸ್ತ ಹೊಡೆದ ಗೀಟನ್ನು ಅರ್ಧವಾದರೂ ಅಳಿಸಿದ್ದು ಈ ಬಡ ಹೆಂಗಸರೇ ಹೊರತು ಯಾವ ಮಂತ್ರಿಯೂ ಅಲ್ಲ.

ಆಮೇಲಿನದು ನೋವಿನ ಕಥೆ. ಕಂಪನಿ ತಪ್ಪೊಪ್ಪಲಿಲ್ಲ, ಯಾವನೋ ಅತೃಪ್ತ ಕಾರ್ಮಿಕ ಬೇಕೆಂದೇ ತೊಟ್ಟಿಗೆ ನೀರು ಬಿಟ್ಟನೆಂದು ವಾದ ಹೂಡಿತು. ಮೇಲೆ ಹೇಳಿದ ಛಾಪಾ ಕಾಗದದ ಮೊದಲ ಸಾಲನ್ನು ಓದುಗರು ನೆನೆದುಕೊಳ್ಳಬಹುದು. ಅದರ ಮುಖ್ಯಸ್ಥ ಆಂಡರ್ಸನ್ ದುರಂತದ ವಾರದಲ್ಲೇ ಭೋಪಾಲಕ್ಕೆ ಬಂದು, ಬಂಧಿತನಾಗಿ, ಅದೇ ದಿನ ಜಾಮೀನಿನ ಮೇಲೆ ಹೊರಟವನು ಮತ್ತೆ ಈ ದೇಶದ ಕಟಕಟೆಗೆ ಬರಲೇ ಇಲ್ಲ. 2014ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. 1996ರಲ್ಲಿ ಆರೋಪವನ್ನು ಬರಿಯ ನಿರ್ಲಕ್ಷ್ಯಕ್ಕೆ ಇಳಿಸಲಾಯಿತು. 2010ರ ಜೂನ್ 7ರಂದು ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡೆರಡು ವರ್ಷ ಶಿಕ್ಷೆಯಾಗಿ, ಅಂದೇ 25,000 ರೂಪಾಯಿಯ ಜಾಮೀನಿನ ಮೇಲೆ ಮನೆಗೆ ಹೋದರು. ಗಾಳಿಗೆ ಸಿಕ್ಕಿ ನರಳಿದ ಬಹುಪಾಲು ಜನರಿಗೆ ಮೊದಲು ಸಿಕ್ಕಿದ ಪರಿಹಾರವೂ 25,000 ರೂಪಾಯಿಯೇ. ರಾಜಿಯ ದಿನ ಸತ್ತವರು 3,000 ಎಂದು ಹಿಡಿದಿದ್ದ ಸರಕಾರ, 2010ರಲ್ಲಿ ಹೆಚ್ಚಿನ ಹಣ ಕೇಳುವಾಗ 5,295 ಎಂದಿತು. ಆ ಅರ್ಜಿಯನ್ನು 2023ರ ಮಾರ್ಚಿಯಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷದ ಕಸವನ್ನು ಊರಾಚೆ ಸಾಗಿಸಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷ ಕಳೆದ ಮೇಲೆ.

ಹೀಗಾದರೆ ಕ್ಷಮೆ ಎಂಬುದೇ ಬೇಡವೇ ಎಂದು ಕೇಳುವವರುಂಟು. ನಮ್ಮಲ್ಲೇ ಕೆಲವು ತರುಣ ಗೆಳೆಯರು ‘ಬೆರಳಿಗೆ ಬೆರಳು’ ಎಂದು ಅಬ್ಬರಿಸುತ್ತಾರೆ. ಅವರ ಸಿಟ್ಟು ಅರ್ಥವಾಗುತ್ತದೆ, ಅವರ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಕ್ಷಮೆ ಬೇಕು. ಯಾರದೆಂಬುದಷ್ಟೇ ಮಾತು. 1999ರ ಜನವರಿಯಲ್ಲಿ ಒರಿಸ್ಸಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಎಂಬ ಆಸ್ಟ್ರೇಲಿಯದ ಮಿಶನರಿಯನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ, ಮಲಗಿದ್ದ ಜೀಪಿನೊಳಗೇ ಸುಟ್ಟು ಕೊಂದರು. ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದರು. ಬಾರಿಪದದ ಕುಷ್ಠರೋಗಿಗಳ ಆಶ್ರಮವನ್ನು ಬಿಟ್ಟು ಓಡದೆ ವರ್ಷಗಟ್ಟಲೆ ಅಲ್ಲೇ ಉಳಿದು ದುಡಿದರು. ಆದರೆ ಕ್ಷಮೆ ತನ್ನ ಮನಸ್ಸಿನ ಮಾತು, ಅಪರಾಧದ ಫಲ ಕಾನೂನಿನ ಮಾತು, ಎರಡನ್ನೂ ಬೆರೆಸಬಾರದು ಎಂಬುದೇ ಅವರ ನಿಲುವಾಗಿತ್ತು. ಮೊಕದ್ದಮೆ ನಡೆಯಿತು, ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲೂ ಕಾಯಂ ಆಯಿತು. ಆ ತಾಯಿ ಕೊಟ್ಟದ್ದು ತನ್ನದನ್ನು. ನಡೆದದ್ದನ್ನು ಸುಳ್ಳೆಂದು ಬರೆದುಕೊಡಲಿಲ್ಲ, ಇತರರ ರಕ್ಷಣೆಗಿರುವ ಕಾನೂನನ್ನು ತನ್ನ ದುಃಖದ ಹೆಸರಿನಲ್ಲಿ ಬಿಟ್ಟುಕೊಡಲಿಲ್ಲ.

ಅಂಗಡಿಯ ಹಿರಿಯರು ಅಂದು ಹೊರಡುವಾಗ ನಮ್ಮನ್ನು ಬದಿಗೆ ಕರೆದು ಹೇಳಿದ ಮಾತಿಗೂ ಉತ್ತರ ಕೊಡಬೇಕು. “ಮೇಷ್ಟ್ರೇ, ಕೋರ್ಟಿನಲ್ಲಿ ಗೆದ್ದೋನು ಸೋತ, ಸೋತೋನು ಸತ್ತ. ನೀವು ಅವನಿಗೆ ಆಸೆ ಹುಟ್ಟಿಸ್ತೀರಿ, ವರ್ಷಗಟ್ಟಲೆ ಅಲೆಯೋನು ಅವನು. ಬಂದದ್ದನ್ನ ಇಸ್ಕೊಳ್ಳಲಿ ಬಿಡಿ.” ಇದು ಸುಳ್ಳಲ್ಲ. ಭೋಪಾಲದ ಕಥೆ ಬರೆದ ಮೇಲೆ, ನ್ಯಾಯ ಬೇಗ ಸಿಕ್ಕುತ್ತದೆಂದು ನಾವು ಯಾವ ಬಾಯಿಂದ ಹೇಳೋಣ? ಮನೆಯಲ್ಲಿ ಮಗಳ ಶಾಲೆಯ ಫೀಸು ಬಾಕಿಯಿದೆ, ದಿನಸಿಯ ಉದ್ದರಿ ಬೆಳೆಯುತ್ತಿದೆ. ಹಣ ಇಸಿದುಕೊಳ್ಳಬೇಡಿ ಎನ್ನುವ ಅಧಿಕಾರ ನಮಗಿಲ್ಲ, ಹಾಗೆ ಹೇಳಲೂ ಇಲ್ಲ. ಕ್ಷಮಿಸಬೇಡಿ ಎಂದೂ ಹೇಳಲಿಲ್ಲ. ಒಮ್ಮೆ ಒಬ್ಬ ಹುಡುಗನ ಬಾಯಿಂದ ನಮಗೆ ಬೇಕಾದ ಮಾತು ಹೊರಡಿಸಿದವರು ನಾವು. ಇನ್ನೊಮ್ಮೆ, ಬೇರೆ ದಿಕ್ಕಿನಿಂದ, ಅದೇ ಕೆಲಸ ಮಾಡಲು ಮನಸ್ಸು ಬರಲಿಲ್ಲ. ಕಾಗದದಲ್ಲಿ ಏನಿದೆಯೆಂದು ಓದಿ ಹೇಳಿದೆವು, ಕಾನೂನು ಏನೆಂದು ಹೇಳಿದೆವು, ಅವರು ಏನು ತೀರ್ಮಾನ ಮಾಡಿದರೂ ಜೊತೆಗಿರುತ್ತೇವೆಂದೆವು.

ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಆ ಐವರಿಗೆ ಹೇಳಿದರು: “ಸಾಹುಕಾರರ ಮೇಲೆ ನನಗೆ ಹಗೆ ಇಲ್ಲ ಸ್ವಾಮಿ. ಆ ಬೆಲ್ಟಿಗೆ ಜಾಲರಿ ಹಾಕ್ಸಿ ಅಂತ ಎರಡು ಸಲ ಹೇಳಿದ್ದೆ. ಈಗ ನನ್ನ ಜಾಗದಲ್ಲಿ ಒಬ್ಬ ಹುಡುಗನ್ನ ನಿಲ್ಸಿದಾರೆ, ಜಾಲರಿ ಇನ್ನೂ ಹಾಕಿಲ್ಲ. ಮೊದಲು ಅದನ್ನ ಹಾಕ್ಸಲಿ. ಅವರೇ ಒಂದು ಸಲ ಬಂದು, ‘ನೀನು ಹೇಳಿದ್ದೆ, ನಾನು ಕೇಳಲಿಲ್ಲ’ ಅನ್ನಲಿ. ಆಮೇಲಿನದು ನಾನು, ನಮ್ಮ ಮನೆಯೋಳು ಕೂತು ಯೋಚನೆ ಮಾಡ್ತೀವಿ.”

ಯಂತ್ರಕ್ಕೆ ರಕ್ಷಣೆಯ ಬೇಲಿ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿತ್ತು. ಮೋಸಂಬಿಯ ಚೀಲವನ್ನು ಅಲ್ಲೇ ಬಿಟ್ಟು, ಲಕೋಟೆಯನ್ನೂ ಕಾಗದವನ್ನೂ ತೆಗೆದುಕೊಂಡು ಹಿರಿಯರು ಎದ್ದರು. ಪರಿಹಾರದ ಅರ್ಜಿಯನ್ನು ನಮ್ಮ ಕಚೇರಿಯಲ್ಲಿ ಬರೆದಿಟ್ಟಿದ್ದೇವೆ. ಎಡಗೈಯಲ್ಲಿ ರುಜು ಹಾಕುವುದನ್ನು ಅವರು ಮಗಳಿಂದ ಕಲಿಯುತ್ತಿದ್ದಾರೆ. ಜಾಲರಿ ಬಿದ್ದಿತೇ ಎಂದು ನೋಡಿಬರಲು ಈ ಸೋಮವಾರ ಗಿರಣಿಗೆ ಹೋಗುವವರಿದ್ದೇವೆ. ಅಂಗಡಿಯ ಆ ಇಬ್ಬರು ಹಿರಿಯರೂ ನಮ್ಮೊಡನೆ ಬರುತ್ತೇವೆಂದಿದ್ದಾರೆ.